ಸೊನ್ನೆಗೆ ಬಿದ್ದ ಮುಳ್ಳು

"ಮುಳ್ಳು ಬಿತ್ತು!" ಎಂದು ಕಿರುಚಿ ಜತ್ತಪ್ಪ ಬ್ರೇಕ್ ಒತ್ತಿದ ಹೊಡೆತಕ್ಕೆ, ಲಾರಿಯ ಹಿಂದಿನ ಬಾಡಿಯಲ್ಲಿ ಕೂತಿದ್ದ ನಾನು ಲಿಸ್ಸಿಯ ಮೇಲೆಯೇ ಮಗುಚಿ ಬೀಳುವುದರಲ್ಲಿದ್ದೆ. ತುಂಬಿದ ಬಸುರಿ ಹುಲ್ಲಿನ ಮೇಲೆ ಮಲಗಿ ನೋವು ತಿನ್ನುತ್ತಿದ್ದಾಳೆ, ಪುತ್ತೂರಿನ ಆಸ್ಪತ್ರೆ ಇನ್ನೂ ಎಲ್ಲೋ ಇದೆ, ಇವನು ಕಾಡಿನ ನಡುವೆ ಲಾರಿ ನಿಲ್ಲಿಸಿ ಮುಳ್ಳು ಎನ್ನುತ್ತಾನೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಎಂತ ಮುಳ್ಳು ಮಾರಾಯ? ಚಕ್ರಕ್ಕೆ ಚುಚ್ಚಿತಾ?"

"ಚಕ್ರಕ್ಕಲ್ಲ ದೇವಮ್ಮಕ್ಕ, ಗೇಜಿನ ಮುಳ್ಳು. ಇಂಜಿನ್ ಎಣ್ಣೆಯ ಒತ್ತಡ ಸೊನ್ನೆ ಅಂತ ತೋರಿಸ್ತಾ ಉಂಟು."

ನನಗೆ ಗೇಜೂ ಗೊತ್ತಿಲ್ಲ, ಗೀಜೂ ಗೊತ್ತಿಲ್ಲ. ಇಚಿಲಂಪಾಡಿಯ ಸುತ್ತಮುತ್ತ ಹೆರಿಗೆ ಮಾಡಿಸುವುದು ನನ್ನ ಕೆಲಸ. ನನ್ನ ಬಾಯಿ ಜೋರು ಎಂದು ಊರವರು ಹೇಳುತ್ತಾರೆ, ಹೇಳಲಿ. ಆದರೆ ಕೈಗೆ ಬಗ್ಗದ ಹೆರಿಗೆಯನ್ನು ಹಟಕ್ಕೆ ಬಿದ್ದು ಹಿಡಿದುಕೊಂಡು ಕೂರುವವಳು ನಾನಲ್ಲ. ಲಿಸ್ಸಿಗೆ ನೋವು ಶುರುವಾದದ್ದು ಹಿಂದಿನ ದಿನ. ಚೊಚ್ಚಲು ಬೇರೆ. ಬೆಳಗಾದರೂ ಮಗು ಕೆಳಗಿಳಿಯದ್ದನ್ನು ನೋಡಿ, ಇವಳನ್ನು ಪುತ್ತೂರಿಗೆ ಒಯ್ಯದೆ ಗತಿಯಿಲ್ಲ ಎಂದೆ.

ಅವಳ ಗಂಡ ಸೆಬಾಸ್ಟ್ಯನ್ ಕೇರಳದಿಂದ ಬಂದು ಗುಡ್ಡ ಸವರಿ ರಬ್ಬರ್ ಬೆಳೆಸಿದವನು. ಮದ್ರಾಸಿನ ಮಾತು ಬಿಡಿ, ಮಂಗಳೂರನ್ನೂ ಸರಿಯಾಗಿ ನೋಡಿರದವನು, ಕೈಕೆಲಸದಲ್ಲಿ ಮಾತ್ರ ಗಟ್ಟಿಗ. ಮರ ಹೇರಲು ಹಿಂದಿನ ದಿನವೇ ಬಂದ ಜತ್ತಪ್ಪನ ಲಾರಿ ಅವನ ಅಂಗಳದಲ್ಲಿಯೇ ನಿಂತಿದ್ದದ್ದು ನಮ್ಮ ಪುಣ್ಯ ಎಂದುಕೊಂಡೆವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿ ಅದು. ಈಗ ಕಾಡಿನಿಂದ ಮರ ಸಾಗಿಸುತ್ತಿತ್ತು, ಮೈಯ ಹಸಿರು ಬಣ್ಣ ಮಾತ್ರ ಇನ್ನೂ ಹೋಗಿರಲಿಲ್ಲ. ಜತ್ತಪ್ಪ ಕೂಡ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದು ಊರಿಗೆ ಮರಳಿದವನೇ. ಕೇಳಿದ್ದೇ ತಡ, ದಿಮ್ಮಿ ಹೇರುವ ಕೆಲಸ ಬಿಟ್ಟು ಹಿಂದಿನ ಬಾಡಿಯಲ್ಲಿ ಹುಲ್ಲು ಹಾಸಿದ. ನಾನು ಮತ್ತು ಲಿಸ್ಸಿ ಹಿಂದೆ, ಗಂಡಸರಿಬ್ಬರು ಮುಂದೆ. ನಡುವೆ ಗಾಜಿಲ್ಲದ ಒಂದು ಕಿಟಕಿ.

ಜತ್ತಪ್ಪ ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದ.

"ಎಣ್ಣೆ ಬೇಕಾದಷ್ಟು ಉಂಟು."

"ಉಂಟಲ್ಲ? ಮತ್ತೆ ನಿಂತದ್ದು ಎಂತಕ್ಕೆ? ಬಿಡು ಲಾರಿ!"

"ಅಡಿಯಲ್ಲಿ ಇದ್ದರೆ ಆಗುದಿಲ್ಲ ಅಕ್ಕ. ಅದು ಒತ್ತಿಕೊಂಡು ಮೇಲೆ ಹತ್ತಬೇಕು. ಹತ್ತದಿದ್ದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಇಂಜಿನ್ ಜಾಮ್ ಆಗ್ತದೆ." ಅವನು ಮುಂದಿನ ದಾರಿಯನ್ನು ತೋರಿಸಿದ. ನಾವು ಏರಿನ ತುದಿಯಲ್ಲಿದ್ದೆವು. ಅಲ್ಲಿಂದ ಮಣ್ಣಿನ ರಸ್ತೆ ಒಂದೇ ಸಮನೆ ಇಳಿದು, ತಿರುಗಿ, ಕಾಣದಾಗುತ್ತಿತ್ತು. "ಅಸ್ಸಾಮಿನಲ್ಲಿ ನನ್ನ ಎದುರೇ ಒಬ್ಬ ಮುಳ್ಳು ಬಿದ್ದರೂ ಗಾಡಿ ಬಿಟ್ಟ. ಇಳಿಜಾರಿನಲ್ಲಿ ಇಂಜಿನ್ ಹಿಡಿದು ಚಕ್ರ ಕಚ್ಚಿ ಗಾಡಿ ಕಮರಿಗೆ ಹೋಯ್ತು. ಒಳಗಿದ್ದವರನ್ನು ಹೆಕ್ಕಿದ್ದು ನಾನು. ಇವಳನ್ನು ನಾನು ಹಾಗೆ ಹೆಕ್ಕುದಿಲ್ಲ."

ಬೆಳಗಿನ ಬಸ್ಸು ಆಗಲೇ ಹೋಗಿತ್ತು. ಆ ದಾರಿಯಲ್ಲಿ ಬೇರೆ ಗಾಡಿ ಬರುವುದೆಂದರೆ ಅದು ದೇವರೇ ಕಳಿಸಬೇಕು.

ಸೆಬಾಸ್ಟ್ಯನ್ ಒಮ್ಮೆ ಇಂಜಿನಿನ ಕಡೆಗೆ, ಒಮ್ಮೆ ಹೆಂಡತಿಯ ಕಡೆಗೆ ಓಡುತ್ತಿದ್ದ. "ಎಡೀ ಲಿಸ್ಸಿ, ಈಗ ಸರಿ ಆಗ್ತದೆ, ಈಗ ಹೋಗುವ" ಎನ್ನುತ್ತಿದ್ದ. ಅವನ ತುಟಿ ಬಿಳುಚಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಗಂಡಸರು ಹತ್ತಿರ ಇದ್ದರೆ ನನಗೆ ಕೈಯೇ ಓಡುವುದಿಲ್ಲ. "ನೀನು ಜತ್ತಪ್ಪನಿಗೆ ಸಹಾಯ ಮಾಡು, ಹೋಗು" ಎಂದು ಗದರಿ ಅಟ್ಟಿದೆ.

ಅಷ್ಟರಲ್ಲಿ ಲಿಸ್ಸಿ ನನ್ನ ಸೀರೆಯನ್ನು ಹಿಡಿದೆಳೆದಳು. ನೋಡುತ್ತೇನೆ, ಒಂದು ರಾತ್ರಿಯಿಡೀ ಇಳಿಯದ ಮಗು ಲಾರಿಯ ಕುಲುಕಾಟಕ್ಕೋ ಏನೋ ಬಂದೇಬಿಟ್ಟಿದೆ! ನನಗೆ ದಿಗಿಲಾಯಿತು. ಹುಲ್ಲಿನ ಮೇಲೆ, ಎಣ್ಣೆ ಕಮಟಿನ ನಡುವೆ, ಎಳೆದು ತೆಗೆದೆ. ಹೆಣ್ಣು. ಬೆನ್ನು ತಟ್ಟಿದ ಮೇಲೆ ಸಣ್ಣಗೆ ಅತ್ತಿತು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇಕೆ?

"ಇಚ್ಚಾಯ ಎಲ್ಲಿ?" ಎಂದು ಲಿಸ್ಸಿ ಗಂಡನ ಬಗ್ಗೆ ನನ್ನನ್ನು ಕೇಳಿದಳು.

"ಲಾರಿ ಸರಿ ಮಾಡ್ತಾ ಇದ್ದಾನೆ."

"ಹಾಗಾದ್ರೆ ಸರಿ ಆಗ್ತದೆ. ಅವರ ಕೈಗೆ ಆಗದ್ದು ಯಾವುದೂ ಇಲ್ಲ" ಎಂದು ನಕ್ಕಳು. ಆ ನಗುವಿನ ಹೊತ್ತಿನಲ್ಲಿಯೇ ಅವಳ ಕೆಳಗಿನ ಹುಲ್ಲು ಕೆಂಪಾಗುತ್ತಿರುವುದು ನನ್ನ ಕಣ್ಣಿಗೆ ಬಿತ್ತು.

ಮಗುವಿನ ಹಿಂದೆ ಬರುವ ಕಸವೂ ಬಿದ್ದಿತ್ತು, ಆದರೆ ರಕ್ತ ನಿಲ್ಲಲಿಲ್ಲ. ಹೊಟ್ಟೆ ಒತ್ತಿದೆ, ತಿಕ್ಕಿದೆ, ಮಗುವನ್ನು ಎದೆಗೆ ಕಚ್ಚಿಸಿದೆ. ಉಟ್ಟ ಸೀರೆಯ ಸೆರಗನ್ನೇ ಹರಿದು ಒತ್ತಿ ಹಿಡಿದೆ. ನಿಲ್ಲಲಿಲ್ಲ. ಇದಕ್ಕೆ ನನ್ನಲ್ಲಿ ಮದ್ದಿಲ್ಲ, ಆಸ್ಪತ್ರೆಯಲ್ಲಿ ಸೂಜಿಮದ್ದು ಇದೆ ಎಂಬುದಷ್ಟೇ ನನಗೆ ಗೊತ್ತು.

"ಜತ್ತಪ್ಪಾ!" ಎಂದು ಕೂಗಿದೆ. "ಮಗು ಬಂತು. ಆದ್ರೆ ರಕ್ತ ನಿಲ್ತಾ ಇಲ್ಲ. ಈಗಲೇ ಹೋಗದಿದ್ರೆ ಇವಳು ಉಳಿಯುದಿಲ್ಲ!"

ಮಗು ಬಂತು ಎಂಬ ಮಾತಿಗೆ ಅರಳಿದ ಸೆಬಾಸ್ಟ್ಯನ್ನನ ಮುಖ ಮುಂದಿನ ಮಾತಿಗೆ ಅಲ್ಲಿಯೇ ಸತ್ತುಹೋಯಿತು. ಜತ್ತಪ್ಪ ಮತ್ತೆ ಇಂಜಿನಿನ ಮೇಲೆ ಬಗ್ಗಿದ. ಇಂಜಿನಿನ ಪಕ್ಕಕ್ಕೆ ಒಂದು ಪುಟ್ಟ ಡಬ್ಬಿಯನ್ನು ತಿರುಪಿ ಕೂರಿಸಿತ್ತು. ಸೆಂಡರ್ ಎಂದು ಅದರ ಹೆಸರು. ಎಣ್ಣೆಯ ಒತ್ತಡವನ್ನು ಅಳೆದು ಗೇಜಿಗೆ ತಿಳಿಸುವುದು ಅದೇ. ಅದರ ತಲೆಯಿಂದ ವಯರು ಬಿಚ್ಚಿ, ಇಂಜಿನಿನ ಮೈಗೆ ತಾಗಿಸಿದ.

"ಮುಳ್ಳು ನೋಡಿ ಚೇಟ!" ಎಂದು ಸೆಬಾಸ್ಟ್ಯನ್ನನಿಗೆ ಕೂಗಿದ. ಚೇಟ ಎಂದರೆ ಅವರ ಮಲಯಾಳದಲ್ಲಿ ಅಣ್ಣ.

"ಎದ್ದಿತು! ತುದಿಗೆ ಹೋಯ್ತು!" ಎಂದು ಸೆಬಾಸ್ಟ್ಯನ್ ಕ್ಯಾಬಿನಿನಿಂದ ಬೊಬ್ಬೆ ಹಾಕಿದ.

"ಅಂದ್ರೆ ಗೇಜು ಸರಿ ಉಂಟು, ವಯರೂ ಸರಿ ಉಂಟು. ಇನ್ನು ಒಂದೋ ಈ ಸೆಂಡರ್ ಹಾಳು, ಇಲ್ಲ ನಿಜವಾಗಿ ಒತ್ತಡ ಇಲ್ಲ. ಇದನ್ನು ಬಿಚ್ತೇನೆ. ನೀವು ಮುಂದಿನಿಂದ ಹ್ಯಾಂಡಲ್ ತಿರುಗಿಸಿ. ತೂತಿನಿಂದ ಎಣ್ಣೆ ಹಾರಿದರೆ ಬದುಕಿದೆವು."

ಬಿಸಿ ಕಬ್ಬಿಣಕ್ಕೆ ಬೆರಳು ಸುಡಿಸಿಕೊಳ್ಳುತ್ತ ಸ್ಪ್ಯಾನರ್ ಹಾಕಿ ಬಿಚ್ಚಿದ. ಸೆಬಾಸ್ಟ್ಯನ್ ಮೈಮೇಲೆ ಬಂದವನಂತೆ ಹ್ಯಾಂಡಲ್ ತಿರುಗಿಸಿದ. ಕರಿ ಎಣ್ಣೆ ಚಿಮ್ಮಿ ಜತ್ತಪ್ಪನ ಮುಖ, ಎದೆ ಎಲ್ಲ ತೊಯ್ದುಹೋಯಿತು.

"ಉಂಟು! ಒತ್ತಡ ಉಂಟು! ಇಂಜಿನಿಗೆ ಎಂತದೂ ಆಗಲಿಲ್ಲ ಅಕ್ಕ!"

ಏನೂ ಆಗಿರಲಿಲ್ಲ. ನಾವು ನಿಂತದ್ದು ಸುಮ್ಮನೆ. ಹಿಡಿದ ಬಟ್ಟೆ ಆಗಲೇ ಒದ್ದೆಯಾಗಿ ಬೆರಳ ಸಂದಿನಿಂದ ಸುರಿಯುತ್ತಿತ್ತು.

ಜತ್ತಪ್ಪ ಕೈಯಲ್ಲಿದ್ದ ಸೆಂಡರನ್ನು ತಿರುಗಿಸಿ ನೋಡಿದ. ತಿರುಪಿನ ಸುತ್ತ ಹಳದಿ ಸಿಪ್ಪೆಯಂತಹದೇನೋ ಉಬ್ಬಿಕೊಂಡಿತ್ತು. ಉಗುರಿನಿಂದ ಎಳೆದ. ಅದು ಉದ್ದಕ್ಕೆ ಎಳೆದುಕೊಂಡು ಬಂತು, ಬಿಟ್ಟಾಗ ಸುರುಟಿಕೊಂಡಿತು.

"ಇದೆಂತ? ರಬ್ಬರಾ? ಇದನ್ನು ಯಾರು ಹಾಕಿದ್ದು?"

ಸೆಬಾಸ್ಟ್ಯನ್ನನ ಕೈಯಿಂದ ಹ್ಯಾಂಡಲ್ ಕೆಳಗೆ ಬಿತ್ತು.

"ನಿನ್ನೆ ನೀವು ಊಟಕ್ಕೆ ಕೂತಾಗ..." ಎಂದ. "ಅಲ್ಲಿಂದ ಎಣ್ಣೆ ತೊಟ್ಟಿಕ್ತಾ ಇತ್ತು. ಅಂಗಳದಲ್ಲಿ ಎಲ್ಲ ಎಣ್ಣೆ. ನಾನು ಬಿಚ್ಚಿ ಹಾಲು ಬಳಿದೆ. ಒಣಗಿಸಿ ಪುನಃ ಬಳಿದೆ. ಚೆಂದ ಆಗಿ ನಿಂತಿತಲ್ಲ, ಜತ್ತಪ್ಪ? ಒಂದು ತೊಟ್ಟೂ ಬೀಳ್ಲಿಲ್ಲ."

ಕೇರಳದಿಂದ ಬಂದ ಅವನ ಪೈಕಿಯವರ ಮನೆಗಳಲ್ಲಿ ತೂತಾದ ಡಬ್ಬಿ, ಹರಿದ ಕೊಡೆ, ಸೀಳಿದ ಕೊಡಪಾನ, ಯಾವುದಕ್ಕೂ ಮದ್ದು ಒಂದೇ: ಮರದಿಂದ ಇಳಿಸಿದ ರಬ್ಬರ್ ಹಾಲು. ನಮ್ಮ ಮನೆಯ ಚಿಮಿಣಿ ಎಣ್ಣೆಯ ಡಬ್ಬಿಗೂ ಸೆಬಾಸ್ಟ್ಯನ್ನನೇ ಬಳಿದುಕೊಟ್ಟಿದ್ದ. ಉಪಕಾರ ಮಾಡಿ ಡಂಗುರ ಹೊಡೆಯುವ ಜನ ಅವನಲ್ಲ, ಹಾಗಾಗಿ ಜತ್ತಪ್ಪನಿಗೆ ಹೇಳಿರಲಿಲ್ಲ.

"ಅಯ್ಯೋ ಚೇಟ..." ಎಂದ ಜತ್ತಪ್ಪ. ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು. "ಗೇಜಿನ ಕರೆಂಟು ಈ ಡಬ್ಬಿಯ ಮೈಯಿಂದಲೇ ಇಂಜಿನಿಗೆ ಇಳೀಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೇ ಮುಳ್ಳು ಏಳುದು. ಬಿಸಿ ಎಣ್ಣೆಗೆ ರಬ್ಬರ್ ಉಬ್ಬಿ ನಡುವೆ ಅಡ್ಡ ನಿಂತಿತು."

ಸೆಬಾಸ್ಟ್ಯನ್ ತನ್ನ ಎರಡು ಕೈಗಳನ್ನೂ ಎತ್ತಿ ನೋಡಿಕೊಂಡ. ಅಳಲಿಲ್ಲ, ಕೂಗಲಿಲ್ಲ, ರೆಪ್ಪೆ ಬಡಿಯಲಿಲ್ಲ. ಅಂಥ ಮುಖವನ್ನು ನಾನು ಅದಕ್ಕಿಂತ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ಒಂದು ಕ್ಷಣ ನನಗೂ ಲಿಸ್ಸಿಯ ನೆನಪು ತಪ್ಪಿಹೋಗಿತ್ತು. ಮರುಕ್ಷಣ ನನ್ನ ಬಾಯಿ ನನಗೇ ವಾಪಸ್ ಬಂತು.

"ಅಲ್ಲಿ ಕಂಬದ ಹಾಗೆ ನಿಲ್ಲುದೆಂತ? ಅಳುದಾದ್ರೆ ಆಮೇಲೆ ಅಳು! ಹೋಗುವ!"

ಜತ್ತಪ್ಪ ಚೂರಿಯಿಂದ ರಬ್ಬರನ್ನು ಕೆರೆದು, ಸೆಂಡರ್ ತಿರುಪಿ, ವಯರು ಸಿಕ್ಕಿಸಿ ಇಂಜಿನ್ ಸ್ಟಾರ್ಟ್ ಮಾಡಿದ. ಮುಳ್ಳು ಎದ್ದಿತು. ಸೆಬಾಸ್ಟ್ಯನ್ ಹಿಂದೆ ಹತ್ತಲು ಬಂದಾಗ ಅವನು ತಡೆದ.

"ನೀವು ಮುಂದೆ ಬನ್ನಿ ಚೇಟ. ಅವಸರಕ್ಕೆ ಕೆರೆದದ್ದು, ನನಗೆ ಭರವಸೆ ಇಲ್ಲ. ನನ್ನ ಕಣ್ಣು ದಾರಿಯಲ್ಲಿರ್ತದೆ, ನಿಮ್ಮ ಕಣ್ಣು ಮುಳ್ಳಿನಲ್ಲಿರಲಿ. ಇಳಿದರೆ ಕೂಡಲೇ ಹೇಳಿ."

ಹಾಗೆ ಇಳಿಜಾರು ಇಳಿದೆವು. ಜತ್ತಪ್ಪ ಆ ದಿನ ಓಡಿಸಿದಂತೆ ಯಾರೂ ಆ ದಾರಿಯಲ್ಲಿ ಲಾರಿ ಓಡಿಸಿರಲಿಕ್ಕಿಲ್ಲ. ಸೆಬಾಸ್ಟ್ಯನ್ ಗೇಜಿಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದ. ಹೆಂಡತಿಯ ಜೀವ ಅದರೊಳಗೇ ಇದೆ ಎಂಬಂತೆ ಆಗಾಗ ಕಿಟಕಿಯಿಂದ ಹಿಂದಕ್ಕೆ ಕೂಗುತ್ತಿದ್ದ.

"ಮುಳ್ಳು ಸರಿ ಉಂಟು, ದೇವಮ್ಮಕ್ಕ! ಲಿಸ್ಸಿಗೆ ಹೇಳಿ!"

ನಾನು ಹೇಳುತ್ತಿದ್ದೆ. ಮೊದಲು ಲಿಸ್ಸಿ ತಲೆಯಾಡಿಸಿದಳು. ಆಮೇಲೆ ಕಣ್ಣು ಮಾತ್ರ ಆಡಿಸಿದಳು. ನೀರು ಬೇಕು ಎಂದಳು. ತುಟಿ ಒದ್ದೆ ಮಾಡಿದೆ. ಮಗುವಿನ ತಲೆಯ ಮೇಲೆ ಇಟ್ಟಿದ್ದ ಅವಳ ಕೈ ತಣ್ಣಗಾಗುತ್ತ ಬಂತು. ಉಪ್ಪಿನಂಗಡಿಯ ಹತ್ತಿರ ಬಂದಾಗ ಅವಳ ಎದೆಗೆ ಕಿವಿಯಿಟ್ಟೆ. ಲಾರಿಯ ಸದ್ದಿಗೆ ಕೇಳುತ್ತಿಲ್ಲ ಎಂದುಕೊಂಡು ಮೂಗಿನ ಬಳಿ ಬೆರಳು ಹಿಡಿದೆ. ಉಸಿರಿರಲಿಲ್ಲ.

ಲೋಕದ ಮೇಲೆಯೇ ನನಗೆ ಸಿಟ್ಟು ಬಂತು. ಬೊಬ್ಬೆ ಹಾಕಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗು ತಾಯಿಯ ಎದೆಯಲ್ಲಿ ಬಾಯಿ ಹುಡುಕುತ್ತ ಮುಲುಗಿತು, ಅದರ ಸ್ವರ ಮೊದಲಿಗಿಂತ ಸಣ್ಣಗಾಗಿತ್ತು, ತುಟಿ ನೀಲಿಗಟ್ಟಿತ್ತು. ಇವಳ ಸುದ್ದಿ ಹೇಳಿದರೆ ಲಾರಿ ಇಲ್ಲಿಯೇ ನಿಲ್ಲುತ್ತದೆ, ಆ ಮನುಷ್ಯ ಇನ್ನು ಏಳುವುದಿಲ್ಲ. ಮಗುವನ್ನೆತ್ತಿ ನನ್ನ ರವಿಕೆಯೊಳಗೆ ಮೈಗೆ ಒತ್ತಿಕೊಂಡೆ.

"ಮುಳ್ಳು ಒಂದಿಷ್ಟೂ ಅಲ್ಲಾಡ್ಲಿಲ್ಲ, ದೇವಮ್ಮಕ್ಕ!" ಸೆಬಾಸ್ಟ್ಯನ್ನನ ಸ್ವರದಲ್ಲಿ ಈಗ ಸಂತೋಷವೇ ಇತ್ತು. ಗೇಜಿನಿಂದ ಕಣ್ಣು ತೆಗೆಯದೆ ಕೇಳಿದ, "ಲಿಸ್ಸಿ ಹೇಗಿದ್ದಾಳೆ?"

"ಸರಿ ಉಂಟು" ಎಂದೆ. "ನೀನು ಮುಳ್ಳು ನೋಡು."