ಗಂಗಮ್ಮನ ಚಪ್ಪಡಿ

ಬಾವಿ ಹುಡುಕುವವರ ಗುಂಪಿಗೆ ನನ್ನನ್ನು ಸೇರಿಸಿಕೊಂಡದ್ದು ನನ್ನ ಬಾಯಿ ನೋಡಿ ಅಲ್ಲ, ವಯಸ್ಸು ನೋಡಿ. ಬೋಗಾದಿ ಹಳ್ಳಿಯಾಗಿದ್ದಾಗ ಯಾರ ಹಿತ್ತಲಲ್ಲಿ ಯಾವ ಬಾವಿ ಇತ್ತು ಅಂತ ಹೇಳುವವರು ನಮ್ಮ ಬೀದಿಯಲ್ಲಿ ಈಗ ನಾನೊಬ್ಬಳೇ. ಹೆಸರು ಪುಟ್ಟಮಾದಮ್ಮ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೇನೆ. ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಾನು ಏನಂದರೂ ಜಗಳದ ಹಾಗೇ ಕೇಳಿಸುತ್ತದೆ ಅನ್ನುತ್ತಾರೆ. ಅರ್ಧ ಪಾಲು ಜಗಳವೇ ಇರುತ್ತದೆ, ಸುಳ್ಳೇಕೆ.

ಗುಂಪು ಕಟ್ಟಿದವಳು ಗಾರ್ಗಿ, ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವ ಹುಡುಗಿ. ಆ ಬೇಸಿಗೆಯಲ್ಲಿ ಬೀದಿಯ ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ವಾಂತಿ, ಭೇದಿ ಶುರುವಾಯಿತು. ನನ್ನ ಮೊಮ್ಮಗಳು ಲಾಸ್ಯ ಕಾಮಾಲೆಗೆ ತಿರುಗಿ ಆಸ್ಪತ್ರೆ ಸೇರಿದಳು. ಬೀದಿಯ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿದರೆ ಅದರಲ್ಲಿ ಮಲದ ಕ್ರಿಮಿ ಇದೆ ಅಂತ ಬಂತು.

"ಎಲ್ಲೋ ಒಂದು ಪಾಳುಬಾವಿ ಇದೆ ಅಮ್ಮ. ಮೇಲಿನ ಕೊಳೆ ಮಣ್ಣಲ್ಲಿ ಸೋಸದೆ ಅದ್ರ ಮೂಲಕ ನೇರವಾಗಿ ಅಂತರ್ಜಲಕ್ಕೆ ಸೇರ್ತಿದೆ. ಅದನ್ನ ಹುಡುಕಿ ಮುಚ್ಚಬೇಕು" ಅಂದಳು ಗಾರ್ಗಿ.

ಲಾಸ್ಯ ಮನೆಗೆ ಬರುವುದರೊಳಗೆ ಆ ಬಾವಿ ಸಿಕ್ಕಬೇಕು. ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ಹುಡುಕಿದೆವು. ಒಂದು ಬಾವಿ ಕಾರು ನಿಲ್ಲಿಸುವ ಶೆಡ್ಡಿನ ಕೆಳಗೆ ಸಿಕ್ಕಿತು. ಇನ್ನೊಂದು ಖಾಲಿ ಸೈಟಿನ ಪಾರ್ಥೇನಿಯಂ ನಡುವೆ, ಹೊಟ್ಟೆ ತುಂಬ ಬಾಟಲಿ ತುಂಬಿಕೊಂಡು ಕೂತಿತ್ತು. ಕೊಳೆ ಎತ್ತಿಸಿ, ಬ್ಲೀಚಿಂಗ್ ಪುಡಿ ಸುರಿಸಿ, ಕೆಳಗೆ ಜಲ್ಲಿ, ಮರಳು, ಅದರ ಮೇಲೆ ಜೇಡಿಮಣ್ಣು ತುಂಬಿಸಿ ಕಾಂಕ್ರೀಟ್ ಹಾಕಿಸಿದೆವು. ಮತ್ತೆ ಪರೀಕ್ಷೆ ಮಾಡಿಸಿದರೆ ನೀರು ಇದ್ದ ಹಾಗೇ ಇತ್ತು.

ಉಳಿದದ್ದು ನಮ್ಮ ತವರಿನ ಬಾವಿ.

ಗಾರ್ಗಿ ಅದನ್ನು ಮೊದಲೇ ಕೇಳಿದ್ದಳು, ಅದೊಂದು ಬೇಡ ಅಂತ ನಾನೇ ಬಿಡಿಸಿದ್ದೆ. ನಮ್ಮಪ್ಪ ತೋಡಿಸಿದ ಸೇದುವ ಬಾವಿ ಅದು. ಈಗ ನನ್ನ ತಮ್ಮ ಶಿವಪ್ರಕಾಶನ ಪಿ.ಜಿ. ಕಟ್ಟಡದ ಹಿಂದೆ ಇದೆ. ನೀರು ಬತ್ತಿದಾಗ ಎಲ್ಲರೂ ಮಣ್ಣು ತುಂಬಿಸು ಅಂದರು, ಅವನು ಒಪ್ಪಲಿಲ್ಲ. ಬಾವಿ ತುಂಬಿಸಿದರೆ ಗಂಗಮ್ಮನ ಬಾಯಿಗೆ ಮಣ್ಣು ಹಾಕಿದಂತೆ, ವಂಶಕ್ಕೆ ಆಗುವುದಿಲ್ಲ ಅನ್ನುವುದು ನಮ್ಮವರ ನಂಬಿಕೆ. ಹಾಗಾಗಿ ಕಲ್ಲಿನ ಚಪ್ಪಡಿ ಹೊದಿಸಿ, ಅರಿಶಿನ ಕುಂಕುಮ ಇಟ್ಟು, ಚಪ್ಪಡಿಯನ್ನೇ ಗಂಗಮ್ಮ ಅಂತ ಕರೆದೆವು. ಗೌರಿ ಹಬ್ಬಕ್ಕೆ ನಾನು ಹೋಗಿ ಪೂಜೆ ಮಾಡಬೇಕು, ಅದು ಮನೆ ಹೆಣ್ಣುಮಗಳ ಹಕ್ಕು. ನಾನು ಪೂಜೆ ಮಾಡುವಾಗ ತಮ್ಮ ಚಪ್ಪಲಿ ಬಿಟ್ಟು, ಕೈಕಟ್ಟಿ ಹಿಂದೆ ನಿಂತಿರುತ್ತಿದ್ದ. ಈ ಕಾಲದಲ್ಲಿ ಇಂಥ ತಮ್ಮ ಯಾರಿಗಿದ್ದಾನೆ ಅಂತ ಗಿರಣಿಗೆ ಬಂದವರ ಕಿವಿ ತೂತಾಗುವಷ್ಟು ಸಲ ಹೇಳಿದ್ದೆ.

ಆ ಚಪ್ಪಡಿ ಎತ್ತಿ ನೋಡೋಣ ಅಂದಾಗ ಗಾರ್ಗಿಯ ಮೇಲೆ ಹರಿಹಾಯ್ದೆ. "ದೇವ್ರು ಕಣಮ್ಮ ಅದು. ನಿನ್ ಓದು ನಿನ್ಹತ್ರ ಇಟ್ಕೋ. ನನ್ ತಮ್ಮ ಅಂಥೋನಲ್ಲ."

ತಮ್ಮನಿಗೆ ಹೋಗಿ ಹೇಳಿದರೆ ಅವನ ಕಣ್ಣಲ್ಲಿ ನೀರೇ ಬಂತು.

"ಅಪ್ಪ ಬೆವರು ಸುರ್ಸಿದ ಬಾವಿ ಅಕ್ಕ. ನೀನಿರೋಗಂಟ ಯಾರ್ಗೂ ಮುಟ್ಟಕ್ಕೆ ಬುಡಬ್ಯಾಡ."

ಬಿಡುತ್ತಲೂ ಇರಲಿಲ್ಲ. ಆದರೆ ಕುಡಿಯಬೇಡಿ ಅಂದರೂ ಮುಖ ತೊಳೆಯಲು, ಪಾತ್ರೆ ತೊಳೆಯಲು ಬೀದಿಗೆ ಅದೇ ನೀರು. ಇನ್ನೆರಡು ಮಕ್ಕಳು ಮಲಗಿದವು. ಜನ ನನ್ನನ್ನು ನೋಡುವ ರೀತಿ ಬದಲಾಯಿತು. ನನಗೂ ರೋಸಿಹೋಯಿತು. ಚಪ್ಪಡಿ ಎತ್ತಿಸಿ, ಒಣಬಾವಿ ತೋರಿಸಿ, ಎಲ್ಲರ ಬಾಯಿ ಮುಚ್ಚಿಸೋಣ ಅಂದುಕೊಂಡೆ. ತಮ್ಮ ನಂಜನಗೂಡಿಗೆ ಹೋಗಿದ್ದ ದಿನ ಮಧ್ಯಾಹ್ನ ಗಾರ್ಗಿಯನ್ನೂ ಇಬ್ಬರು ಆಳುಗಳನ್ನೂ ಕರೆದುಕೊಂಡು ಹೋಗಿ, ಕೈಮುಗಿದು, ಹಾರೆ ಹಾಕಿ ಅಂದೆ.

ಚಪ್ಪಡಿ ಗೇಣುದ್ದ ಸರಿಯುತ್ತಲೇ ವಾಸನೆಗೆ ಆಳುಗಳು ಹಿಂದೆ ಹೋದರು. ನಾನು ಬಗ್ಗಿ ನೋಡಿದೆ. ಪಿ.ಜಿ. ಗೋಡೆಯ ಕಡೆಯಿಂದ ದಪ್ಪನೆಯ ಪೈಪು ನೆಲದಡಿಯಲ್ಲೇ ಬಂದು ಬಾವಿಯೊಳಗೆ ತೆರೆದುಕೊಂಡಿತ್ತು. ಮೇಲಿನ ಯಾವುದೋ ಕೋಣೆಯಲ್ಲಿ ಯಾರೋ ಫ್ಲಶ್ ಮಾಡಿದರು. ನಾನು ನೋಡುತ್ತಿದ್ದಂತೆಯೇ ಅದು ಬಂದು ಬಿತ್ತು.

ಗಾರ್ಗಿ ನನ್ನ ತೋಳು ಹಿಡಿದುಕೊಂಡಳು. ನಾನು ಹೇಳಿರಲಿಲ್ಲವೇ ಅಂತ ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ತಮ್ಮ ಬಂದ. ಅವನು ಸುಳ್ಳು ಹೇಳುತ್ತಾನೆ, ನಾನು ಕೂಗಾಡುತ್ತೇನೆ ಅಂದುಕೊಂಡು ಅವನ ಮನೆಯಲ್ಲೇ ಕೂತಿದ್ದೆ. ಅವನು ಸುಳ್ಳು ಹೇಳಲಿಲ್ಲ.

"ಕಟ್ಟಡ ಕಟ್ವಾಗ ಒಳಚರಂಡಿ ಬಂದಿರ್ಲಿಲ್ಲ ಅಕ್ಕ. ಆಮ್ಯಾಕೆ ಅಂಗೇ ನಡ್ಕೊಂಡೋಯ್ತು."

"ಅದ್ರ ಮ್ಯಾಲೆ ನನ್ ಕೈಲಿ ಪೂಜೆ ಮಾಡ್ಸಿದ್ಯಲ್ಲೋ."

"ನೀನು ಪೂಜೆ ಮಾಡ್ತಿದ್ರೆ ಯಾರೂ ಎತ್ತಲ್ಲ ಅಂತ."

ಅಷ್ಟು ಸಲೀಸಾಗಿ ಹೇಳಿದ. ನನ್ನ ಭಕ್ತಿ ಅವನ ಪೈಪಿಗೆ ಮುಚ್ಚಳವಾಗಿತ್ತು. ಅವನ ಹೆಂಡತಿ ನನಗೊಂದು ಲೋಟ ನೀರು ತಂದಿಟ್ಟಳು. ಅಡುಗೆಮನೆ ಬಾಗಿಲಲ್ಲಿ ನೀರಿನ ಕ್ಯಾನುಗಳು ಸಾಲಾಗಿದ್ದವು. ವರ್ಷಗಳಿಂದ ಅಲ್ಲೇ ಇದ್ದವು. ಕಟ್ಟಡದ ಯಜಮಾನರ ದೌಲತ್ತು ಅಂತ ನಾನು ನಗುತ್ತಿದ್ದೆ.

"ಬೋರ್ ನೀರು ಕುಡೀಬಾರ್ದು ಅಂತ ನಿಂಗೊತ್ತಿತ್ತು" ಅಂದೆ.

ಅವನು ಹೆಂಡತಿಗೆ ಒಳಗೆ ಹೋಗು ಅಂತ ಸನ್ನೆ ಮಾಡಿದ.

"ಲಾಸ್ಯ ಕುಡೀತಿದ್ಲು ಕಣೋ."

"ಇನ್ಮ್ಯಾಕೆ ನಿಮ್ಮನೆಗೂ ಕ್ಯಾನ್ ಹಾಕುಸ್ತೀನಿ ಬುಡಕ್ಕ."

ಅಮ್ಮ ತೀರಿಕೊಂಡಾಗ ಇವನಿಗೆ ತುತ್ತು ಮಾಡಿ ತಿನ್ನಿಸಿದ ಕೈ ನನ್ನದು. ಆ ಲೋಟ ಮುಟ್ಟದೆ ಎದ್ದು ಬಂದೆ.

ಪೈಪನ್ನು ಒಳಚರಂಡಿಗೆ ತಿರುಗಿಸಿ, ಬಾವಿಯ ಕೊಳೆ ಎತ್ತಿಸಿದ ಮೇಲೆ ತುಂಬಿಸುವ ದಿನ ಗೊತ್ತಾಯಿತು. ಮೊದಲ ಜಲ್ಲಿ ಬೀಳುವ ಮುಂಚೆ ಮನೆಯವರೊಬ್ಬರು ಗಂಗಮ್ಮನ ಹತ್ತಿರ ತಪ್ಪಾಯಿತು ಅಂತ ಕೇಳಿಕೊಳ್ಳಬೇಕು, ಅದು ಪದ್ಧತಿ. ತಮ್ಮ ಸ್ನಾನ ಮಾಡಿ, ಪಂಚೆ ಉಟ್ಟು, ತೆಂಗಿನಕಾಯಿ ಹಿಡಿದು ಬಂದ. ಬೀದಿಯವರೆಲ್ಲ ನೋಡುತ್ತಿದ್ದಂತೆ ಬಾವಿಗೆ ಅಡ್ಡಬಿದ್ದ. "ತಪ್ಪಾಯ್ತು ತಾಯಿ, ಹೊಟ್ಟೆಗಾಕ್ಕೋ" ಅಂತ ಅತ್ತ. ನಿಜವಾಗಿಯೇ ಅತ್ತ, ಅವನ ಅಳು ನನಗೆ ಗೊತ್ತಿಲ್ಲವೇ. ಯಾರೋ ಪಾಪ ಅಂದರು.

ಎದ್ದು, ಮಂಡಿಯ ಮಣ್ಣು ಕೊಡವಿಕೊಂಡು, ನನ್ನ ಪಕ್ಕದಲ್ಲೇ ಹಾದುಹೋದ. ಅವನ ಮುಖ ಹಗುರವಾಗಿತ್ತು. ಆಸ್ಪತ್ರೆಯಲ್ಲಿ ಮಗು ಹೇಗಿದೆ ಅಂತ ಕೇಳಲಿಲ್ಲ.

ಜಲ್ಲಿ ಲಾರಿಯವನು ಸುರಿಯಲೇ ಅನ್ನುವಂತೆ ನನ್ನ ಕಡೆ ನೋಡಿದ. ಸುರಿಯಪ್ಪ ಅಂದೆ. ಅವತ್ತಿನಿಂದ ನನಗೆ ತವರಿಲ್ಲ.