ಕೆಳಗಿನ ಅರ್ಧ

ನಂದಾಗೆ ಸ್ವಂತ ಮೊಬೈಲ್ ಇರಲಿಲ್ಲ. ಅದಕ್ಕೇ ಜನನ ನೋಂದಣಿಯ ಫಾರ್ಮಿನಲ್ಲಿ ಗಂಡ ಸೋಮಲಿಂಗನ ನಂಬರ್ ಬರೆಸಿದಳು.

ಹೆರಿಗೆಯಾದದ್ದು ಗೋಕಾಕದ ಸಣ್ಣ ಖಾಸಗಿ ಆಸ್ಪತ್ರೆಯೊಂದರಲ್ಲಿ. ತವರು ಧುಪದಾಳ ಅಲ್ಲಿಗೆ ಹತ್ತಿರ. ಚೊಚ್ಚಲ ಹೆರಿಗೆ ತವರಿನದು ಎಂದು, ಮೂಡಲಗಿ ಕಡೆಯ ಗಂಡನ ಮನೆಯವರು ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ ಕಳಿಸಿದ್ದರು. ಕುಬಸ ಚೊಚ್ಚಲಿಗೆ ಮಾತ್ರ. ಎರಡನೆಯದಕ್ಕೆ ಆ ಮನೆತನದಲ್ಲಿ ಯಾರೂ ಮಾಡುವುದಿಲ್ಲ.

ಹೆರಿಗೆಯ ಮರುದಿನ ಸಿಸ್ಟರ್ ಫಾರ್ಮು ಹಿಡಿದು ಮಂಚದ ಹತ್ತಿರ ಬಂದಳು. ಮೇಲಿನ ಅರ್ಧದಲ್ಲಿ ಮಗುವಿನ ಹೆಸರು, ತಂದೆತಾಯಿಯ ಹೆಸರು, ವಿಳಾಸ. ಕೆಳಗಿನ ಅರ್ಧದಲ್ಲಿ ತಾಯಿ ಎಷ್ಟು ಓದಿದ್ದಾಳೆ, ಮದುವೆಯಾದಾಗ ವಯಸ್ಸೆಷ್ಟು, ಈ ಮಗು ಸೇರಿ ಜೀವಂತ ಹುಟ್ಟಿದ ಮಕ್ಕಳೆಷ್ಟು.

"ಇದ ಮೊದಲನೇದ್ರಿ," ಎಂದಳು ನಂದಾ.

ಸಿಸ್ಟರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹೆರಿಗಿ ಮಾಡಿಸಿದಾಕಿ ನಾನವಾ. ಹಳೇ ಹೆರಿಗಿ ಗುರುತು ನನಗ ಕಾಣಂಗಿಲ್ಲೇನು? ಖರೆ ಹೇಳು. ಇದು ಕೆಳಗಿನ ಅರ್ಧ, ಹರದು ಲೆಕ್ಕಕ್ಕಂತ ಬ್ಯಾರೆ ಕಳಸ್ತಾರ. ಸರ್ಟಿಫಿಕೇಟಿನ್ಯಾಗ ಬರೂದಿಲ್ಲ. ಯಾರಿಗೂ ತೋರಸಂಗಿಲ್ಲ."

ನಂದಾ ತಾಯಿ ಬಾಳವ್ವನ ಮುಖ ನೋಡಿದಳು. ಬಾಳವ್ವ ಗೋಡೆಯ ಕಡೆ ತಿರುಗಿದಳು.

"ಎರಡ್ರಿ," ಎಂದಳು ನಂದಾ.

ಎಂಟು ವರ್ಷದ ಹಿಂದೆ, ಮದುವೆಗೆ ಮೊದಲು, ಹದಿನೇಳರ ವಯಸ್ಸಿನಲ್ಲಿ ಅವಳು ಒಂದು ಹೆಣ್ಣುಮಗು ಹೆತ್ತಿದ್ದಳು. ಕಣಗಲಾದಲ್ಲಿ, ಸೋದರತ್ತೆಯ ಮನೆಯಲ್ಲಿ. ಮಗು ನಾಲ್ಕು ದಿನ ಬದುಕಿತ್ತು. ಯಾವ ದಾಖಲೆಯಲ್ಲೂ ಅದರ ಹೆಸರಿಲ್ಲ, ಹೆಸರೇ ಇಟ್ಟಿರಲಿಲ್ಲ.

ಸಿಸ್ಟರ್ 2 ಎಂದು ಬರೆದಳು.

ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮರುದಿನ, ಫಾರ್ಮಿನಲ್ಲಿ ಆ ಹೆಸರು ಬರೆಸಲು ಸೋಮಲಿಂಗ ಆಸ್ಪತ್ರೆಗೆ ಫೋನ್ ಮಾಡಿದ. ಫೋನ್ ಎತ್ತಿದವನು ಕಿಶೋರ, ಫಾರ್ಮುಗಳ ವಿವರವನ್ನು ಕಂಪ್ಯೂಟರಿಗೆ ಹಾಕಿ ಸರ್ಕಾರಕ್ಕೆ ಕಳಿಸುವವನು.

"ಮಾಲಿಂಗೋ, ಮಹಾಲಿಂಗೋ, ಅಣ್ಣಾರ? ಆಮ್ಯಾಲ ತಿದ್ದೂದು ಭಾಳ ತ್ರಾಸ ಐತಿ."

"ಮಾಲಿಂಗ. ನಮ್ಮಜ್ಜನ ಹೆಸರು. ನಡುವ ಹಾ ಗೀ ಹಾಕಬ್ಯಾಡೋ ಮಾರಾಯಾ, ಅಜ್ಜ ಎದ್ದ ಬಂದಾನು."

"ಹಂಗಾರ ಬರದು ಫೋಟೋ ಕಳಸ್ತೇನಿ. ನೋಡಿ ಹೂಂ ಅನ್ರಿ."

ಮೇಲಿನ ಅರ್ಧದ ಫೋಟೋ ಸಾಕಿತ್ತು. ಕಿಶೋರ ಇಡೀ ಹಾಳೆಯ ಫೋಟೋ ತೆಗೆದ. ದಿನವೂ ಹಾಗೇ ತೆಗೆಯುತ್ತಿದ್ದ, ಯಾರೂ ಬೇಡವೆಂದಿರಲಿಲ್ಲ.

ಸೋಮಲಿಂಗ ಮಗನ ಹೆಸರನ್ನಷ್ಟೇ ಓದಿದ. ಖುಷಿಯಲ್ಲಿ ಫೋಟೋವನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ. ಗುಂಪಿನಲ್ಲಿ ಇಪ್ಪತ್ತಮೂರು ಜನ. ಹೂವು, ಕೈಮುಗಿದ ಚಿತ್ರಗಳು ಬಂದವು. ಅವನ ಸೋದರಮಾವ ಉದ್ದಪ್ಪ ನಿವೃತ್ತ ಮಾಸ್ತರ, ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದುವವನು. ಅರ್ಧ ತಾಸಿಗೆ ಅವನ ಸಂದೇಶ ಬಂತು: ‘ಮಕ್ಕಳ ಸಂಖ್ಯೆ 2 ಎಂದಿದೆ. ತಿದ್ದಿಸು.’

ಸೋಮಲಿಂಗ ಫೋಟೋ ಅಳಿಸುವ ಹೊತ್ತಿಗೆ ಹತ್ತೊಂಬತ್ತು ಜನ ನೋಡಿಯಾಗಿತ್ತು. ಅಂದೇ ಅವನು ಧುಪದಾಳಕ್ಕೆ ಬಂದ. ಅವನ ತಾಯಿ ಮರೆವ್ವ ಬೈಕಿನ ಹಿಂದೆ ಕೂತಿದ್ದಳು.

"ತಪ್ಪ ಬರದಾರಂತ ಹೇಳು," ಎಂದ ನಂದಾಗೆ. "ಕಿಶೋರಗ ಹೇಳಿ ಒಂದ ಮಾಡಸ್ತೇನಿ. ಮುಗೀತು."

ಅವನಿಗೆ ಅಷ್ಟೇ ಸಾಕಿತ್ತು. ನಂದಾ ಮಗುವಿಗೆ ಹಾಲು ಕುಡಿಸುತ್ತಿದ್ದಳು.

"ತಪ್ಪಲ್ರಿ," ಎಂದಳು. "ನಾಕ ದಿನ ಇತ್ತದು. ಮದವಿಗಿಂತ ಮೊದಲ."

ಸೋಮಲಿಂಗ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. ಮಾತಾಡಿದವಳು ಮರೆವ್ವ.

"ಎರಡನೇದಕ್ಕ ಹಸಿರ ಸೀರಿ ಉಡಿಸಿದ್ನೇನ ನಾನು? ಓಣಿ ಮುತ್ತೈದೇರ್ನೆಲ್ಲಾ ಕರದು ಚೊಚ್ಚಲ ಚೊಚ್ಚಲ ಅಂತ ಹಾಡ ಹಾಡಿಸಿದ್ನೆಲ್ಲೋ! ಏ ಬಾಳವ್ವಾ, ಬಾಜೂಕ ಕುಂತ ಎಲ್ಲಾ ಕೇಳಿದಿ. ಬಾಯಾಗ ಏನ ಇಟಗೊಂಡಿದ್ದಿ?"

"ನೀವ ಬಡಿಸಿದ ಹೋಳಗಿ, ಬೀಗತಿ," ಎಂದಳು ಬಾಳವ್ವ.

ಹಗ್ಗದ ಮೇಲೆ ಒಣಗುತ್ತಿದ್ದ ಹಸಿರು ಸೀರೆಯನ್ನು ಮರೆವ್ವ ಎಳೆದುಕೊಂಡಳು. ಮಡಚಲಿಲ್ಲ. ಬಗಲಲ್ಲಿ ಒತ್ತಿಕೊಂಡು ಬೈಕ್ ಹತ್ತಿದಳು.

ಇಡೀ ಹಾಳೆ ಯಾಕೆ ಕಳಿಸಿದೆ ಎಂದು ಕೇಳಲು ಮರುದಿನ ಬಾಳವ್ವ ಆಸ್ಪತ್ರೆಗೆ ಹೋದಳು. ಕಿಶೋರ ತನ್ನ ಫೋನು ತೆರೆದು ತೋರಿಸಿದ. "ಡಿಲೀಟ್ ಮಾಡೇನ್ರಿ, ಕಾಕೂ. ನೋಡ್ರಿ, ನನ್ನ ಕಡೆ ಈಗ ಏನೂ ಇಲ್ಲ. ಹೆಸರರೆ ಸರಿ ಐತಿಲ್ಲೋ?"

"ಹೆಸರ ಸರಿ ಐತಿ," ಎಂದು ಬಾಳವ್ವ ಬಸ್ ಹಿಡಿದಳು.

ಎರಡು ವಾರಕ್ಕೆ ಪ್ರಮಾಣಪತ್ರ ಬಂತು. ಸಿಸ್ಟರ್ ಹೇಳಿದ್ದು ನಿಜವೇ ಆಗಿತ್ತು: ಅದರಲ್ಲಿ ಮಕ್ಕಳ ಸಂಖ್ಯೆ ಇರಲಿಲ್ಲ. ಕೆಳಗಿನ ಅರ್ಧವನ್ನು ನಿಯಮದಂತೆ ಹರಿದು ಬೇರೆ ಕಳಿಸಿದ್ದರು.

ಐದನೇ ತಿಂಗಳಿಗೆ ಬಾಣಂತಿಯನ್ನೂ ಕೂಸನ್ನೂ ಕರೆದೊಯ್ಯಲು ಗಂಡನ ಮನೆಯವರು ಬರಬೇಕಿತ್ತು. ಬರಲಿಲ್ಲ. ಏಳನೇ ತಿಂಗಳಿಗೂ ಬರಲಿಲ್ಲ.

ನಂದಾ ಕಳೆದುಕೊಂಡದ್ದು ಒಂದು ಸೀರೆ, ಒಂದು ಗಂಡನ ಮನೆ. ಮೊದಲಿನ ಮಗು ಸೇರಿ ಮೂರು.