ಹಮಾಲಿ ಇಲ್ಲದ ಕೋಶಗಳು

ಪ್ರಯೋಗಾಲಯದ ಹುಡುಗ ಹುಡುಗಿಯರಿಗೆಲ್ಲ ಅವಳು ಚಿಕ್ಕಮ್ಮ. ಮಕ್ಕಳನ್ನು ಸಾಕುತ್ತಾ ಹನ್ನೊಂದು ವರ್ಷ ಮನೆಯಲ್ಲಿದ್ದು, ನಲವತ್ತು ದಾಟಿದ ಮೇಲೆ ಸಂಶೋಧನೆಗೆ ಮರಳಿದವಳು. ಮುಖ್ಯಸ್ಥೆ ಮೇಡಂ ಅವಳಿಗಿಂತ ಆರು ವರ್ಷ ಚಿಕ್ಕವರು.

ಜೀವಕೋಶದೊಳಗೆ ಕೊಬ್ಬನ್ನು ಒಂದು ಪೊರೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ಪ್ರೋಟೀನ್ ಒಂದು ಚಿಕ್ಕಮ್ಮನ ಪಾಲಿಗೆ ಬಂದಿತ್ತು. ಅದಕ್ಕೆ ಅವಳಿಟ್ಟ ಅಡ್ಡಹೆಸರು ಹಮಾಲಿ. ಆಕ್ಸಿಡೀಕರಣದಿಂದ ಕೋಶದ ಹೊರಪೊರೆ ಹಾಳಾದಾಗ ಹಮಾಲಿ ಹೊಸ ಕೊಬ್ಬು ತಂದು ತೇಪೆ ಹಾಕುತ್ತದೆ, ಕೋಶ ಬದುಕುವುದೇ ಅದರಿಂದ ಎಂದು ಮೇಡಂ ನಂಬಿದ್ದರು. ಅದನ್ನು ತೋರಿಸಲು ಚಿಕ್ಕಮ್ಮ ಎರಡು ವರ್ಷದಿಂದ ಹೆಣಗುತ್ತಿದ್ದಳು.

ಆ ಬುಧವಾರ ಬೆಳಗ್ಗೆ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬದುಕಿದ ಕೋಶ ಹಸಿರು, ಸತ್ತದ್ದು ಕೆಂಪು. ಹಿಂದಿನ ದಿನ ಹಮಾಲಿ ಇದ್ದ ಕೋಶಗಳ ತಟ್ಟೆಗೂ ಇಲ್ಲದ ಕೋಶಗಳ ತಟ್ಟೆಗೂ, ಪೊರೆ ಕೆಡಿಸುವ ಪೆರಾಕ್ಸೈಡ್ ಹಾಕಿದ್ದಳು. ಹಮಾಲಿಯನ್ನು ತೆಗೆದುಹಾಕಿದ್ದ ತಟ್ಟೆ ಪೂರ್ತಿ ಕೆಂಪಾಗಿರಬೇಕಿತ್ತು. ನೋಡಿದರೆ ಹಸಿರೋ ಹಸಿರು. ಹಮಾಲಿ ಇದ್ದ ತಟ್ಟೆಯಲ್ಲೇ ಕೋಶಗಳು ಸಾಲುಸಾಲಾಗಿ ಸತ್ತಿದ್ದವು.

ಕನ್ನಡಕ ಒರೆಸಿ ಮತ್ತೆ ನೋಡಿದಳು. ಆಮೇಲೆ ಮೇಡಂ ಕೋಣೆಗೆ ಹೋಗಿ ಕಂಡದ್ದನ್ನು ಹೇಳಿದಳು.

"ತಟ್ಟೆ ಅದಲುಬದಲಾಗಿದೆ ಬಿಡಿ," ಅಂದರು ಮೇಡಂ, ತಲೆ ಎತ್ತದೆ.

"ನನಗೂ ಹಾಗೇ ಅನಿಸ್ತು. ಅದಕ್ಕೇ, ಯಾವ ತಟ್ಟೆ ಯಾವುದು ಅಂತ ನನಗೇ ಗೊತ್ತಿರದ ಹಾಗೆ ಇನ್ನೊಂದು ಸಲ ಮಾಡ್ತೀನಿ."

ಗುಟ್ಟು ಕಾಯುವ ಕೆಲಸ ಗಾಜಿನಕ್ಕನಿಗೆ ಬಿತ್ತು. ಇಪ್ಪತ್ತಾರು ವರ್ಷದಿಂದ ಅಲ್ಲಿನ ಗಾಜಿನ ಸಾಮಾನು ತೊಳೆಯುವವಳು. ಅವಳ ಕೈಯಲ್ಲಿ ಒಂದು ಬೀಕರೂ ಒಡೆದದ್ದಿಲ್ಲ. ಈ ಸಲ ಮೂರು ತಟ್ಟೆ: ಹಮಾಲಿ ಇದ್ದದ್ದು, ಇಲ್ಲದ್ದು, ತೆಗೆದು ಮತ್ತೆ ಸೇರಿಸಿದ್ದು. ಗಾಜಿನಕ್ಕ ಹೆಸರು ಮುಚ್ಚಿ ಬಣ್ಣದ ಚೀಟಿ ಅಂಟಿಸಿ, ಪಟ್ಟಿಯನ್ನು ಊಟದ ಚೀಲಕ್ಕೆ ಹಾಕಿಕೊಂಡಳು.

"ಯಾರು ಕೇಳಿದ್ರೂ ಹೇಳಬಾರದು ಅಕ್ಕ. ನಾನೇ ಬಂದು ಗೋಗರೆದರೂ."

"ನನ್ನ ವಯಸ್ಸು ಎಷ್ಟು ಅಂತ ನಮ್ಮ ಯಜಮಾನರಿಗೇ ಇನ್ನೂ ಹೇಳಿಲ್ಲ. ನಿನಗೆ ಹೇಳ್ತೀನಾ ಇದನ್ನ?"

ಮನೆಯಲ್ಲಿ ಚಿಕ್ಕಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ತರಕಾರಿ ಹೆಚ್ಚುತ್ತಲೇ ಹತ್ತನೇ ಕ್ಲಾಸಿನ ಮಗಳಿಗೆ ಎಲ್ಲ ಒದರಿದಳು.

"ಡಬ್ಬಿಯ ತಳದಲ್ಲಿ ಉಳಿದ ಎಣ್ಣೆ ಕಮಟು ಹೊಡೆಯುತ್ತಲ್ಲ, ಕೋಶದ ಪೊರೆಯಲ್ಲಿರೋ ಕೊಬ್ಬಿಗೂ ಹಾಗೇ ಆಗೋದು. ಕೆಟ್ಟಿದ್ದು ಪಕ್ಕದ್ದನ್ನೂ ಕೆಡಿಸುತ್ತೆ. ಕೊನೆಗೆ ಪೊರೆ ಹರಿದುಹೋಗುತ್ತೆ."

ಮಗಳು ಕ್ಯಾರೆಟ್ ಕಡಿಯುವುದನ್ನು ನಿಲ್ಲಿಸಿದಳು. "ಎಲ್ಲ ಎಣ್ಣೆನೂ ಒಂದೇ ಥರ ಕೆಡಲ್ಲ ಅಲ್ವೇನಮ್ಮ? ನಿನ್ನ ಹಮಾಲಿ ಹೊರೋದು ಎಂಥದ್ದನ್ನ?"

ಚಿಕ್ಕಮ್ಮನ ಕೈಯಲ್ಲಿ ಚಾಕು ಹಾಗೇ ನಿಂತಿತು. ಹಮಾಲಿ ಎಷ್ಟು ಹೊರುತ್ತದೆ ಎಂದು ಅಳೆದಿದ್ದಳೇ ಹೊರತು, ಯಾವ ಜಾತಿಯ ಕೊಬ್ಬು ಎಂದು ನೋಡಿರಲಿಲ್ಲ. ಮರುದಿನವೇ ಎರಡೂ ಬಗೆಯ ಕೋಶಗಳಿಂದ ಹೊರಪೊರೆ ಬೇರ್ಪಡಿಸಿ, ಕೊಬ್ಬಿನ ವಿಶ್ಲೇಷಣೆಗೆ ಕಳಿಸಿದಳು.

ಸೋಮವಾರ ತಟ್ಟೆಗಳನ್ನು ಎಣಿಸಿದ್ದು ಮೇಡಂ ಮತ್ತು ಚಿಕ್ಕಮ್ಮ, ಬೇರೆಬೇರೆಯಾಗಿ. ಇಬ್ಬರ ಎಣಿಕೆಯೂ ತಾಳೆಯಾಯಿತು. ನೀಲಿ ಚೀಟಿಯದು ಬದುಕಿತ್ತು, ಹಳದಿ ಮತ್ತು ಬಿಳಿ ಸತ್ತಿದ್ದವು. ಗಾಜಿನಕ್ಕ ಒದ್ದೆ ಕೈ ಒರೆಸಿಕೊಂಡು ಪಟ್ಟಿ ಬಿಚ್ಚಿದಳು.

"ಹಳದಿ, ಹಮಾಲಿ ಇದ್ದದ್ದು. ಬಿಳಿ, ತೆಗೆದು ಮತ್ತೆ ಸೇರಿಸಿದ್ದು. ನೀಲಿ..." ಅವಳು ಬೇಕೆಂದೇ ಕೆಮ್ಮಿದಳು. "ಇಲ್ಲದ್ದು."

ಅಷ್ಟರಲ್ಲಿ ವಿಶ್ಲೇಷಣೆಯ ವರದಿಯೂ ಬಂತು. ಹಮಾಲಿ ಇಲ್ಲದ ಕೋಶಗಳ ಹೊರಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಕಾಲುಭಾಗಕ್ಕೆ ಇಳಿದಿತ್ತು. ಹಮಾಲಿ ಹೊತ್ತು ತರುತ್ತಿದ್ದದ್ದೇ ಅದನ್ನು. ರಿಪೇರಿಗೆ ಬಂದವನೆಂದು ಎಲ್ಲರೂ ನಂಬಿದ್ದವನು ಬಾಗಿಲಲ್ಲಿ ಬೆಂಕಿಗೆ ಸೌದೆ ಒಟ್ಟುತ್ತಿದ್ದ.

ಮೇಡಂ ಸ್ಟೂಲಿನ ಮೇಲೆ ಕುಸಿದು ಕೂತರು. "ನನ್ನ ಎರಡು ವರ್ಷದ ವಾದ ಮಣ್ಣುಪಾಲಾಯ್ತು," ಅಂದರು. ಚಿಕ್ಕಮ್ಮ ಹೆದರಿ ಮುಖ ನೋಡಿದಳು. ಮೇಡಂ ನಗುತ್ತಿದ್ದರು, ಚಿಕ್ಕ ಹುಡುಗಿಯ ಹಾಗೆ ಕಾಲು ಆಡಿಸುತ್ತಾ. "ಇಷ್ಟು ಚೆನ್ನಾಗಿ ಯಾರೂ ನನ್ನನ್ನ ಸೋಲಿಸಿರಲಿಲ್ಲ. ನರಕೋಶ ಹೀಗೇ ಸಾಯೋ ಕಾಯಿಲೆಗಳಿವೆಯಲ್ಲ, ಅಲ್ಲಿ ಹಮಾಲಿಯ ಕೈ ಕಟ್ಟಿಹಾಕೋ ಔಷಧ ಸಿಕ್ಕರೆ ಏನಾಗಬಹುದು, ಯೋಚನೆ ಮಾಡಿದ್ದೀರಾ?"

"ಇಲಿಯ ನರಕೋಶದಲ್ಲಿ ಮೊದಲು ನೋಡೋಣ," ಅಂದಳು ಚಿಕ್ಕಮ್ಮ. "ಇವತ್ತೇ ಶುರು ಮಾಡ್ತೀನಿ."

"ನಾನೂ ಬರ್ತೀನಿ," ಎಂದು ಮೇಡಂ ಎದ್ದು, ಗೂಟದಲ್ಲಿ ನೇತಾಡುತ್ತಿದ್ದ ತಮ್ಮ ಬಿಳಿ ಕೋಟು ಹಾಕಿಕೊಂಡರು. ಅದರ ಧೂಳು ಕೊಡವುತ್ತಾ ಗಾಜಿನಕ್ಕ ಅಂದಳು, "ನೀವು ಇದನ್ನ ಮುಟ್ಟದೆ ಮೂರು ವರ್ಷ ಆಯ್ತು."